ಜರ್ಮನಿಗೆ ಹೋಗಿ ದನ ಕಾದ ನನ್ನ ಷಡ್ಡಕ

ನಾವೆಲ್ಲ ಚಿಕ್ಕವರಿದ್ದಾಗ ಸರಿಯಾಗಿ ಓದದಿದ್ದರೆ ಮೇಷ್ಟ್ರು ಏನೆನ್ನುತ್ತಿದ್ದರು? ‘ದನ ಕಾಯೋಕೆ ಹೋಗು’ ಎನ್ನುತ್ತಿದ್ದರು. ಆ ಮಾತಿಗೆ ಹೆದರಿ ನಾನು ಓದಿದೆ. ಬಹುಶಃ ನೀವೂ ಓದಿದಿರಿ. ನನ್ನ ಷಡ್ಡಕನಾದರೋ ನಮ್ಮೆಲ್ಲರಿಗಿಂತ ಚೆನ್ನಾಗಿ ಓದಿ, ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಮುಗಿಸಿ, ರ‍್ಯಾಂಕು ಪಡೆದು, ಜರ್ಮನಿಯ ಸರ್ಕಾರ ಕರೆದು ಕೊಟ್ಟ ಗ್ರೀನ್ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು, ವಿಮಾನ ಹತ್ತಿ ಹೋಗಿ, ಅಲ್ಲಿ ದನ ಕಾದರು!

ನಗಬೇಡಿ, ನಾನು ಕಣ್ಣಾರೆ ಕಂಡಿದ್ದೇನೆ. ತಲೆಯ ಮೇಲೆ ಅಗಲ ಅಂಚಿನ ಟೋಪಿ, ಕೊರಳಿಗೆ ಕೆಂಪು ಕರ್ಚೀಫು, ಕಾಲಿಗೆ ಮೊಳಕಾಲುದ್ದದ ಬೂಟು. ಅದರ ನಡುವೆ ಹಣೆಯ ಮೇಲೆ ಅಷ್ಟಗಲ ವಿಭೂತಿ.

ಅದು ಎರಡು ಸಾವಿರದ ಇಸವಿ ದಾಟಿದ ಹೊಸತು. ಜರ್ಮನಿಯಲ್ಲಿ ಕಂಪ್ಯೂಟರ್ ಬಲ್ಲವರು ಸಾಲದೆಂದು ಹೊರಗಿನವರನ್ನು ಐದು ವರ್ಷದ ಮಟ್ಟಿಗೆ ಕರೆಸಿಕೊಳ್ಳುತ್ತಿದ್ದ ಕಾಲ. ಅಮೆರಿಕದ್ದನ್ನು ನೋಡಿ ಅದಕ್ಕೂ ಗ್ರೀನ್ ಕಾರ್ಡ್ ಎಂದೇ ಹೆಸರಿಟ್ಟಿದ್ದರು. ನಾನು ಮೈಸೂರಿನವನು, ಮ್ಯೂನಿಕ್‌ನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಗೆ ಬಂದೆ. ನನ್ನ ಹೆಂಡತಿಯ ಅಕ್ಕನ ಗಂಡ, ಅಂದರೆ ನಮ್ಮ ಈ ಷಡ್ಡಕರು, ಅಬ್‌ಸ್ಟಾಟ್ ಹತ್ತಿರ ಕಾರಿನ ಬ್ರೇಕುಗಳ ಕೆಲಸಕ್ಕೆ ಬಂದರು. ಕಾರು ಜಾರದಂತೆ ಬ್ರೇಕು ಹಾಕುವ ಕಂಪ್ಯೂಟರಿಗೆ ಬುದ್ಧಿ ಕಲಿಸುವುದು ಅವರ ಉದ್ಯೋಗ. ನಾನು ಅವರನ್ನು ಭಾವ ಎನ್ನುತ್ತಿದ್ದೆ, ಅವರು ನನ್ನನ್ನು ತಮ್ಮಾ ಎನ್ನುತ್ತಿದ್ದರು.

ಬಂದ ಹೊಸತರಲ್ಲಿ ಅವರಿಗೆ ಜರ್ಮನ್ ಬರುತ್ತಿರಲಿಲ್ಲ. ಕಂಪನಿಯವರು ಸಂಜೆ ತರಗತಿಗೆ ಹೋಗಿ ಎಂದರು. ಭಾವ ಹೋಗಲಿಲ್ಲ. ಬದಲಿಗೆ ಹಳೆ ಸಾಮಾನು ಮಾರುವ ಭಾನುವಾರದ ಫ್ಲೋಮಾರ್ಕ್ಟ್‌ನಲ್ಲಿ ಇಟ್ಟಿಗೆಯಷ್ಟು ದಪ್ಪದ ಒಂದು ಹಳೇ ಜರ್ಮನ್ ಪುಸ್ತಕ ಕೊಂಡು ತಂದರು. ಅದು ನೂರು ವರ್ಷಕ್ಕೂ ಹಿಂದಿನ ಅಮೆರಿಕದ ಒಬ್ಬ ಪ್ರಖ್ಯಾತ ಕೌಬಾಯ್‌ನ ಜೀವನ ವೃತ್ತಾಂತ. ಇದನ್ನೇ ಓದಿ ಭಾಷೆ ಕಲಿಯುತ್ತೇನೆ ಎಂದು ಹಟ ಹಿಡಿದರು. ಎಡಗೈಯಲ್ಲಿ ಪುಸ್ತಕ, ಬಲಗೈಯಲ್ಲಿ ನಿಘಂಟು. ಎಂಟು ತಿಂಗಳಲ್ಲಿ ಪುಸ್ತಕ ಮುಗಿಯಿತು, ಮನುಷ್ಯನ ಕಥೆಯೂ ಮುಗಿಯಿತು. ಆ ಕೌಬಾಯ್ ಅವರ ಮೈಮೇಲೆ ಬಂದುಬಿಟ್ಟಿದ್ದ!

ಅವನ ಹೆಸರನ್ನು ಭಾವ ಎಂದೂ ಎತ್ತುತ್ತಿರಲಿಲ್ಲ. ‘ಮುತ್ಯಾ’ ಎನ್ನುತ್ತಿದ್ದರು. ಅವರ ಕಡೆ ಅಜ್ಜನಿಗೆ ಹಾಗೆನ್ನುತ್ತಾರೆ. ನಾನು ಮೊದಮೊದಲು ಇವರ ಅಜ್ಜನ ಸುದ್ದಿಯೇ ಇರಬೇಕೆಂದು ಭಕ್ತಿಯಿಂದ ಕೇಳುತ್ತಿದ್ದೆ.

“ಮುತ್ಯಾ ಮೂರು ಸಾವಿರ ದನಾ ಹೊಡಕೊಂಡು ಹೊಳೀ ದಾಟಿದ್ದ, ತಮ್ಮಾ. ಒಂದು ಕರಾ ಸುದ್ದಾ ಹರಕೊಂಡು ಹೋಗಲಿಲ್ಲ.”

“ಯಾವ ಹೊಳೆ ಭಾವ? ಘಟಪ್ರಭೆಯಾ?”

“ಟೆಕ್ಸಾಸ್‌ನ್ಯಾಂದು.”

ಆಗ ನನಗೆ ತಿಳಿಯಿತು.

ಆ ಪುಸ್ತಕದಿಂದ ಭಾವ ಕಲಿತ ಜರ್ಮನ್ ಹೇಗಿದ್ದಿರಬಹುದು, ನೀವೇ ಊಹಿಸಿ. ವ್ಯಾಕರಣದಲ್ಲಿ ಒಂದು ತಪ್ಪಿರಲಿಲ್ಲ. ಆದರೆ ಆಡಿದ್ದೆಲ್ಲ ಕುದುರೆಯಿಂದ ಆಗತಾನೆ ಇಳಿದವನ ಮಾತು! ಅವರ ಮೊದಲ ಪ್ರಯೋಗ ನಡೆದದ್ದು ಹಳ್ಳಿಯ ಬೇಕರಿಯಲ್ಲಿ. ಕೌಂಟರಿನ ಮೇಲೆ ಎರಡೂ ಕೈ ಊರಿ, ಗಂಭೀರವಾಗಿ, “ತಾಯಿ, ದೂರದ ದಾರಿ ಸವೆಸಿ ಬಂದಿದ್ದೇನೆ. ನನಗೂ ಹೊರಗೆ ನಿಂತಿರುವ ನನ್ನ ಪ್ರಾಣಿಗೂ ತಿನ್ನಲು ಏನಾದರೂ ಕೊಡಿ” ಎಂದರಂತೆ. ಬೇಕರಿಯ ಹೆಂಗಸು ಪ್ರಾಣಿ ಯಾವುದೆಂದು ಕುತ್ತಿಗೆ ಉದ್ದ ಮಾಡಿ ಕಿಟಕಿಯಾಚೆ ನೋಡಿದಳು. ಹೊರಗೆ ನಿಂತಿದ್ದವರು ಭಾವನ ಹೆಂಡತಿ, ನಮ್ಮ ಅಕ್ಕ.

ಅಕ್ಕನಿಗೆ ಆಗ ಜರ್ಮನ್ ಬರುತ್ತಿರಲಿಲ್ಲವಾದ್ದರಿಂದ ಆ ಹೆಂಗಸಿಗೆ ಕೈಬೀಸಿ ಮುಗುಳ್ನಕ್ಕರು. ಮರುವರ್ಷ ಅವರು ಸಂಜೆ ತರಗತಿಗೆ ಸೇರಿದರು. ಪ್ರಾಣಿ ಎಂಬ ಪದ ಪಾಠದಲ್ಲಿ ಬಂದ ದಿನ ಭಾವನಿಗೆ ಮನೆಯಲ್ಲಿ ಅಡುಗೆ ಇರಲಿಲ್ಲ.

ವಾರಾಂತ್ಯಕ್ಕೆ ಸಿಗುವ ಅಗ್ಗದ ರೈಲು ಟಿಕೆಟ್ ಹಿಡಿದು ನಾನೂ ನನ್ನ ಹೆಂಡತಿಯೂ ಆಗಾಗ ಅವರ ಮನೆಗೆ ಹೋಗುತ್ತಿದ್ದೆವು. ನಿಧಾನದ ರೈಲುಗಳಲ್ಲಿ ಮಾತ್ರ ನಡೆಯುವ ಟಿಕೆಟು. ಮ್ಯೂನಿಕ್‌ನಲ್ಲಿ ಹತ್ತಿ, ಉಲ್ಮ್‌ನಲ್ಲಿ ಇಳಿದು, ಸ್ಟುಟ್‌ಗಾರ್ಟ್‌ನಲ್ಲಿ ಮತ್ತೆ ಹತ್ತಿ, ಹೈಲ್‌ಬ್ರಾನ್‌ನಲ್ಲಿ ಬಸ್ಸಿಗೆ ಕಾದು, ಅವರ ಮನೆ ಮುಟ್ಟುವಷ್ಟರಲ್ಲಿ ಹೊರಟ ಕಾರಣವೇ ಮರೆತುಹೋಗಿರುತ್ತಿತ್ತು. ಬಾಗಿಲಲ್ಲೇ ಜೋಳದ ರೊಟ್ಟಿ ಬಡಿಯುವ ಸದ್ದು ಕೇಳಿದರೆ ನೆನಪಾಗುತ್ತಿತ್ತು.

ಅಂಥ ಒಂದು ಶನಿವಾರ ಬೆಳಿಗ್ಗೆ ನಾವು ಅಲ್ಲಿದ್ದಾಗಲೇ ಆ ಮಹಾಯುದ್ಧ ನಡೆಯಿತು. ಆ ಸೀಮೆಯಲ್ಲಿ ಕೇರ್‌ವೊಖೆ ಎಂಬ ವ್ರತವಿದೆ. ಒಂದೇ ಕಟ್ಟಡದಲ್ಲಿ ಬಾಡಿಗೆಗಿರುವವರು ವಾರಕ್ಕೊಬ್ಬರಂತೆ ಮೆಟ್ಟಿಲು ಗುಡಿಸಿ ಒರೆಸಬೇಕು. ಆ ವಾರ ಭಾವನದು. ಗುಡಿಸಿದ್ದರು, ಒರೆಸಿಯೂ ಇದ್ದರು. ಆದರೂ ಕೆಳಗಿನ ಮನೆಯ ಮುದುಕ ಪೊರಕೆ ಹಿಡಿದು ಮೇಲೆ ಬಂದ. ಎತ್ತರದ ಆಳು, ಬಿಳಿ ಮೀಸೆ, ನಿವೃತ್ತ ಲೇತ್ ಕೆಲಸಗಾರ. ನಡಿಗೆಯ ಗತ್ತು ನೋಡಿ ಭಾವ ಅವನಿಗೆ ಗೌಡ್ರು ಎಂದು ಹೆಸರಿಟ್ಟಿದ್ದರು. ಗೌಡ್ರು ಮೆಟ್ಟಿಲಿನ ಒಂದು ಮೂಲೆಯತ್ತ ಬೆರಳು ತೋರಿಸಿ, “ಇಲ್ಲಿ ಧೂಳಿದೆ. ಹೋದ ಸಲವೂ ಇತ್ತು” ಎಂದರು.

ಅಕ್ಕ ಒಳಗಿನಿಂದ, “ಹೋಗ್ಲಿ ಬಿಡ್ರಿ, ಇನ್ನೊಂದ್ ಸಲ ಗುಡಿಸಿಬಿಡ್ರಿ” ಎಂದರು. ಭಾವ ಗುಡಿಸಲಿಲ್ಲ. ಸೊಂಟದ ಮೇಲೆ ಕೈಯಿಟ್ಟು, ಕಣ್ಣು ಕಿರಿದು ಮಾಡಿ, ಗೌಡ್ರನ್ನೇ ನೋಡುತ್ತ ಅಚ್ಚ ಜರ್ಮನ್‌ನಲ್ಲಿ ಹೇಳಿದರು:

“ಮಿತ್ರಾ, ಈ ಊರು ನಮ್ಮಿಬ್ಬರಿಗೆ ಸಾಲುವಷ್ಟು ದೊಡ್ಡದಿಲ್ಲ.”

ನಾನು ಮನಸ್ಸಿನಲ್ಲೇ ಪೊಲೀಸರು ಬಂದಂತೆ, ಮನೆ ಖಾಲಿ ಮಾಡಿಸಿದಂತೆ, ರೊಟ್ಟಿ ಕಲ್ಲಿನ ಸಮೇತ ಎಲ್ಲರನ್ನೂ ವಿಮಾನ ಹತ್ತಿಸಿದಂತೆ ಕಂಡೆ. ಗೌಡ್ರ ಮೀಸೆ ಅಲ್ಲಾಡಿತು. ಪೊರಕೆಯನ್ನು ಗೋಡೆಗೆ ಒರಗಿಸಿ, ತಗ್ಗಿದ ದನಿಯಲ್ಲಿ ಕೇಳಿದರು:

“ಯಾವ ಅಧ್ಯಾಯ?”

“ಹದಿನಾಲ್ಕು” ಎಂದರು ಭಾವ.

ಗೌಡ್ರು ದಡದಡ ಕೆಳಗಿಳಿದು ಹೋದರು. ತಿರುಗಿ ಬಂದಾಗ ಕೈಯಲ್ಲಿ ಅದೇ ಪುಸ್ತಕ! ಭಾವನ ಪ್ರತಿಗಿಂತ ಹಳೆಯದು, ಬೆನ್ನಿಗೆ ಅಂಟುಪಟ್ಟಿ. ಇಬ್ಬರೂ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟರು. ಮುತ್ಯಾ ಹಿಮದಲ್ಲಿ ಸಿಕ್ಕಿಬಿದ್ದದ್ದು, ಕಾಡೆಮ್ಮೆಗೆ ಹಗ್ಗ ಎಸೆದದ್ದು, ಎದುರಾಳಿಯ ಟೋಪಿಗೆ ಮಾತ್ರ ಗುಂಡು ಹೊಡೆದು ಕ್ಷಮೆ ಕೇಳಿದ್ದು, ಒಂದೊಂದಾಗಿ ಹೊರಬಿದ್ದವು. ಮಧ್ಯಾಹ್ನ ಊಟಕ್ಕೆ ಕರೆದಾಗ ಭಾವನ ಜೊತೆ ಗೌಡ್ರೂ ಬಂದರು. ಆ ಮೂಲೆಯ ಧೂಳು ಅಲ್ಲೇ ಇತ್ತು.

ಗೌಡ್ರು ಬರೀ ಓದುಗರಾಗಿರಲಿಲ್ಲ, ಅಲ್ಲಿನ ಕೌಬಾಯ್ ಸಂಘದ ಅಧ್ಯಕ್ಷರಾಗಿದ್ದರು. ನಿಮಗಿದು ವಿಚಿತ್ರವೆನಿಸಬಹುದು. ಜರ್ಮನಿಯಲ್ಲಿ ಮೂವರು ಸೇರಿದರೆ ಒಂದು ಸಂಘ, ಅದಕ್ಕೆ ಫೆರೈನ್ ಎನ್ನುತ್ತಾರೆ. ಅಂಥದರಲ್ಲಿ ಕೌಬಾಯ್ ವೇಷದ ಫೆರೈನ್‌ಗಳು ದೇಶದ ತುಂಬ ಇವೆ. ದ್ರಾಕ್ಷಿ ತೋಟಗಳ ಹಿಂದಿನ ಬಯಲಿನಲ್ಲಿ ಇವರದೊಂದು ಮರದ ಮನೆ, ಕುದುರೆ ಕಟ್ಟಲು ಗೂಟಗಳು, ಬ್ಯಾಂಕ್ ಎಂದು ಬೋರ್ಡು ಬರೆದ ಒಂದು ಪೆಟ್ಟಿಗೆಯಂಥ ಗುಡಿಸಲು. ಪ್ರತಿ ಭಾನುವಾರ ಇಡೀ ಊರು ಅಲ್ಲಿ ಅಮೆರಿಕವಾಗುತ್ತಿತ್ತು. ಬ್ಯಾಂಕಿನ ಗುಮಾಸ್ತ ಶೆರಿಫ್. ಹಲ್ಲಿನ ಡಾಕ್ಟರು ದರೋಡೆಕೋರ. ಡಾಕ್ಟರಿಗೆ ವಾರದ ಉಳಿದ ದಿನಗಳ ಅಭ್ಯಾಸವೂ ಇತ್ತೆಂದು ಅವರ ರೋಗಿಗಳು ಹೇಳುತ್ತಿದ್ದರು.

ಭಾವ ಸಂಘಕ್ಕೆ ಕಾಲಿಟ್ಟ ದಿನ ಒಂದು ತೊಡಕಾಯಿತು. ಜರ್ಮನ್‌ನಲ್ಲಿ ನಮ್ಮನ್ನು ‘ಇಂಡರ್’ ಎನ್ನುತ್ತಾರೆ, ಅಮೆರಿಕದ ಮೂಲನಿವಾಸಿಗಳನ್ನು ‘ಇಂಡಿಯಾನರ್’ ಎನ್ನುತ್ತಾರೆ. ಗೌಡ್ರು ಹೇಳಿದ್ದು ಒಂದು, ಸದಸ್ಯರು ಕೇಳಿಸಿಕೊಂಡದ್ದು ಇನ್ನೊಂದು. ಭಾವ ಹೋಗುವ ಹೊತ್ತಿಗೆ ಅವರಿಗಾಗಿ ಹದ್ದಿನ ಗರಿಗಳ ಭಾರಿ ಕಿರೀಟವೊಂದು ಸಿದ್ಧವಾಗಿತ್ತು. ಕೊನೆಗೂ ಅಸಲಿ ಮನುಷ್ಯ ಸಿಕ್ಕನಲ್ಲ ಎಂದು ಶೆರಿಫ್‌ನ ಕಣ್ಣಲ್ಲಿ ನೀರು ಬಂದಿತ್ತಂತೆ!

ಭಾವ ಗರಿಗಳನ್ನು ಎರಡೂ ಕೈಯಿಂದ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಮೇಜಿನ ಮೇಲಿಟ್ಟರು.

“ನಾನು ಇಂಡರ್. ಇದು ಇನ್ನೊಬ್ಬರ ಕಿರೀಟ. ನಾನು ಕೌಬಾಯ್ ಆಗಲು ಬಂದಿದ್ದೇನೆ.”

ಜರ್ಮನ್ ಸಂಘವೆಂದರೆ ನಿಯಮಾವಳಿ ಇರಲೇಬೇಕಲ್ಲ? ಗೌಡ್ರು ಎಷ್ಟೇ ಗೆಳೆಯರಾದರೂ ಅಧ್ಯಕ್ಷರು. ಕನ್ನಡಕ ಹಾಕಿಕೊಂಡು ಓದಿದರು. ಕೌಬಾಯ್ ಆಗುವವನು ಕುದುರೆ ಸವಾರಿ ಮಾಡಬೇಕು, ಹಗ್ಗ ಎಸೆಯಬೇಕು, ಬೇಸಿಗೆಯ ಉತ್ಸವದಲ್ಲಿ ಎಲ್ಲರೆದುರು ದನದ ಹಿಂಡನ್ನು ನಡೆಸಿಕೊಂಡು ಬರಬೇಕು. ಅಲ್ಲಿಯವರೆಗೆ ಅಭ್ಯರ್ಥಿ. ಭಾವ ಒಪ್ಪಿದರು. ಅಲ್ಲಿಂದ ಶುರುವಾಯಿತು ನೋಡಿ ಅಕ್ಕನ ಗ್ರಹಚಾರ!

ಮೊದಲು ಹಗ್ಗ. ಮನೆಯ ಹಿಂದಿನ ಹುಲ್ಲುಹಾಸಿನಲ್ಲಿ ಬಟ್ಟೆ ಒಣಗಿಸುವ ಸ್ಟ್ಯಾಂಡೇ ಅವರ ಹೋರಿ. ಪ್ರತಿ ಸಂಜೆ ಅದರ ಕೊರಳಿಗೆ ಹಗ್ಗ ಬೀಳುತ್ತಿತ್ತು, ಅಕ್ಕನ ಸೀರೆಗಳು ಮಣ್ಣಿಗೆ ಬೀಳುತ್ತಿದ್ದವು. ಒಮ್ಮೆ ನಾನು ಮ್ಯೂನಿಕ್‌ನಿಂದ ಹೊತ್ತುತಂದ ತೊಗರಿಬೇಳೆ ಚೀಲದೊಂದಿಗೆ ಗೇಟು ದಾಟುತ್ತಿದ್ದಂತೆ ನನ್ನ ಎರಡೂ ತೋಳು ಬಿಗಿದುಕೊಂಡವು.

“ಅಲ್ಲಾಡಬ್ಯಾಡ ತಮ್ಮಾ. ಇದು ಕರೆಕ್ಟ್ ಬಿದ್ದೈತಿ. ನಿಮ್ಮ ಅಕ್ಕಗ ತೋರಸ್ತೀನಿ, ತಡಿ.”

ಅಕ್ಕ ಹೊರಬಂದು ನೋಡಿ, “ಬ್ಯಾಳಿ ಚೆಲ್ಲಿಲ್ಲಲ್ಲ?” ಎಂದು ಕೇಳಿ ಒಳಗೆ ಹೋದರು.

ಆಮೇಲೆ ಕುದುರೆ. ಸಂಘದಲ್ಲಿ ಒಂದು ಮುದಿ ಹೆಣ್ಣು ಕುದುರೆ ಇತ್ತು. ಅದಕ್ಕೆ ಲೋಕದಲ್ಲಿ ಹುಲ್ಲೊಂದೇ ಸತ್ಯ, ಮೇಲೆ ಕುಳಿತವರೆಲ್ಲ ಮಾಯೆ. ನಡೆಯುತ್ತ ನಡೆಯುತ್ತ ತಟ್ಟನೆ ನಿಂತು ತಲೆ ಬಗ್ಗಿಸುತ್ತಿತ್ತು, ಭಾವ ಅದರ ಕುತ್ತಿಗೆಯ ಇಳಿಜಾರಿನಲ್ಲಿ ಜಾರಿ ಹುಲ್ಲಿಗೆ ಬರುತ್ತಿದ್ದರು. “ಬೇಕಂದಾಗ ಬ್ರೇಕ್ ಹಿಡಿಯೂದಿಲ್ಲ, ಬ್ಯಾಡಂದಾಗ ಹಿಡೀತೈತಿ” ಎಂದು ಕುಂಟುತ್ತ ಆಫೀಸಿಗೆ ಹೋದರು. ಅವರ ಬಾಸ್ ಕಾಲಿಗೇನಾಯಿತೆಂದು ವಿಚಾರಿಸಿದಾಗ ಕುದುರೆಯಿಂದ ಬಿದ್ದೆ ಎಂದರು. ಭಾರತದವರ ಮನೆಗಳಲ್ಲಿ ಇದೆಲ್ಲ ಸಾಮಾನ್ಯವಿರಬೇಕೆಂದು ಆ ಬಾಸ್ ಅದರ ಬಗ್ಗೆ ಮತ್ತೆ ಕೇಳಲೇ ಇಲ್ಲ.

ಊಟದ ವಿಷಯವೂ ಬಂತು. ಸಂಘದಲ್ಲಿ ಭಾನುವಾರ ಮಧ್ಯಾಹ್ನ ದೊಡ್ಡ ಕೆಂಡದ ಒಲೆ ಹೊತ್ತುತ್ತಿತ್ತು, ಅದರ ಮೇಲೆ ಅಂಗೈಯಗಲದ ದನದ ಮಾಂಸ. ಭಾವ ಒಂದು ಪಕ್ಕಕ್ಕೆ ಕುಳಿತು ಡಬ್ಬಿ ಬಿಚ್ಚುತ್ತಿದ್ದರು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ. ದರೋಡೆಕೋರ ಡಾಕ್ಟರಿಗೆ ಇದು ಸರಿಬೀಳಲಿಲ್ಲ.

“ದನ ತಿನ್ನದವನು ಎಂಥ ಕೌಬಾಯ್?”

ಭಾವ ರೊಟ್ಟಿ ಮುರಿಯುತ್ತ ಶಾಂತವಾಗಿ ಕೇಳಿದರು, “ಡಾಕ್ಟರೇ, ಶಾಲೆಯ ಮೇಷ್ಟ್ರು ಹುಡುಗರನ್ನು ತಿನ್ನುತ್ತಾರೆಯೇ?”

ಶೆರಿಫ್ ನಕ್ಕು ನಕ್ಕು ಬೆಂಚಿನಿಂದ ಬಿದ್ದ. ಅವತ್ತು ಶೇಂಗಾ ಚಟ್ನಿಯನ್ನು ಬಿಯರ್ ಜೊತೆ ನೆಕ್ಕಿ ನೋಡಿದ ಡಾಕ್ಟರು ಮುಂದಿನ ವಾರ ಖಾಲಿ ಬಾಟಲಿಯೊಂದನ್ನು ತೊಳೆದು ತಂದಿದ್ದರು, ತುಂಬಿಸಿಕೊಂಡು ಹೋಗಲು.

ಹೀಗೆ ಉತ್ಸವದ ದಿನ ಬಂತು. ಜೂನ್ ತಿಂಗಳ ಬಿಸಿಲು, ಸುತ್ತಲಿನ ಹಳ್ಳಿಗಳಿಂದೆಲ್ಲ ಜನ. ನಾವೂ ಹೋಗಿದ್ದೆವು. ಭಾವನ ಮಗಳು, ಎಂಟು ವರ್ಷದ ಹುಡುಗಿ, ನನ್ನ ಪಕ್ಕ ನಿಂತಿದ್ದಳು. ಕನ್ನಡದಲ್ಲಿ ಕೇಳಿದರೆ ಜರ್ಮನ್‌ನಲ್ಲಿ ಉತ್ತರ ಕೊಡುವ ಕೂಸು. “ಅಪ್ಪ ಗೆಲ್ತಾರೇನೇ?” ಎಂದೆ. ತನ್ನ ತರಗತಿಯವರು ಯಾರಾದರೂ ಬಂದಿದ್ದಾರೆಯೇ ಎಂದು ಸುತ್ತ ನೋಡಿ, “ದಯವಿಟ್ಟು ಬೀಳದಿದ್ದರೆ ಸಾಕು” ಎಂದು ಜರ್ಮನ್‌ನಲ್ಲಿ ಹೇಳಿದಳು.

ಕಾರ್ಯಕ್ರಮ ಸರಳವಾಗಿತ್ತು. ಅಲ್ಲಿನ ರೈತನೊಬ್ಬ ಹನ್ನೆರಡು ಹಸುಗಳನ್ನು ಎರವಲು ಕೊಟ್ಟಿದ್ದ. ಭಾವ, ಜೊತೆಗೆ ಗೌಡ್ರೂ ಶೆರಿಫ್‌ನೂ ಸೇರಿ ನಾಲ್ಕು ಮಂದಿ ಕುದುರೆ ಸವಾರರು ಕೆಳಗಿನ ಹುಲ್ಲುಗಾವಲಿನಿಂದ ಅವನ್ನು ನಡೆಸಿಕೊಂಡು ಸಂಘದ ಬಯಲಿಗೆ ತರಬೇಕು. ಹಸುಗಳು ಕೊಟ್ಟಿಗೆ ಸೇರಿದ ನಂತರ ಮೂರು ಗಂಟೆಗೆ ಬ್ಯಾಂಕ್ ದರೋಡೆ. ಆದರೆ ಭಾವನ ಕುದುರೆ ದಾರಿಯಲ್ಲಿ ಹುಲ್ಲು ಕಂಡಲ್ಲೆಲ್ಲ ನಿಂತದ್ದರಿಂದ ಹಿಂಡು ತಡವಾಯಿತು. ಹಸುಗಳು ಬ್ಯಾಂಕಿನೆದುರು ಬಂದಾಗಲೇ ಗಂಟೆ ಮೂರು ಹೊಡೆಯಿತು. ಬೇರೆ ದೇಶದ ದರೋಡೆಕೋರನಾಗಿದ್ದರೆ ಸ್ವಲ್ಪ ಕಾಯುತ್ತಿದ್ದ. ಇವನು ಜರ್ಮನ್. ಕಾರ್ಯಕ್ರಮ ಪಟ್ಟಿಯಲ್ಲಿ ಮೂರು ಎಂದರೆ ಮೂರು! ಡಾಕ್ಟರು ಬ್ಯಾಂಕಿನಿಂದ ಹೊರಗೆ ಹಾರಿ ಪಿಸ್ತೂಲಿನಿಂದ ಢಮಾರೆಂದು ಹುಸಿಗುಂಡು ಹಾರಿಸಿದರು.

ಹನ್ನೆರಡೂ ಹಸುಗಳು ಬಾಲ ಎತ್ತಿದವು. ಬೇಲಿಯ ಹಗ್ಗ ಹರಿದು, ದ್ರಾಕ್ಷಿ ತೋಟಗಳ ನಡುವಿನ ಓಣಿಗೆ ನುಗ್ಗಿದವು. ಓಣಿಯ ತುದಿಯಲ್ಲಿ ದೊಡ್ಡ ರಸ್ತೆ. ಭಾನುವಾರದ ಕಾರುಗಳು ಅಲ್ಲಿ ಬಾಣದಂತೆ ಹೋಗುತ್ತಿದ್ದವು. ರೈತ ತಲೆಯ ಮೇಲೆ ಕೈಯಿಟ್ಟುಕೊಂಡ. ಸವಾರರು ಕೂಗುತ್ತ ಬೆನ್ನಟ್ಟಿದರು. ಇವರು ಬೆನ್ನಟ್ಟಿದಷ್ಟೂ ಹಸುಗಳ ಓಟ ಹೆಚ್ಚಿತು. ಶೆರಿಫ್ ಎಸೆದ ಹಗ್ಗ ದ್ರಾಕ್ಷಿಯ ಕಂಬಕ್ಕೆ ಬಿದ್ದು ಶೆರಿಫ್‌ನೇ ಕೆಳಗೆ ಬಂದ.

ಭಾವ ಎಲ್ಲಿ? ಅವರ ಕುದುರೆ ಆ ಗದ್ದಲದಲ್ಲಿ, ಜೀವನದಲ್ಲಿ ಮೊದಲ ಸಲ, ಓಡಿತ್ತು! ತೋಟದ ಒಳದಾರಿ ಹಿಡಿದು ಹಿಂಡಿಗಿಂತ ಮುಂದೆ ಹೋಗಿ, ಓಣಿ ರಸ್ತೆಗೆ ಸೇರುವ ಕಡೆ ಒಳ್ಳೆಯ ಹುಲ್ಲು ಕಂಡು ಗಕ್ಕನೆ ನಿಂತು ತಲೆ ಬಗ್ಗಿಸಿತು. ಭಾವ ಎಂದಿನಂತೆ ಅದರ ಕುತ್ತಿಗೆಯ ಮೇಲಿಂದ ಇಳಿದರು. ಎದ್ದು ನೋಡಿದರೆ ಹಿಂದೆ ರಸ್ತೆ, ಮುಂದೆ ಹನ್ನೆರಡು ಹಸು, ನಡುವೆ ತಾವೊಬ್ಬರೇ.

ಅಕ್ಕ ನನ್ನ ತೋಳು ಹಿಡಿದರು. “ಓಡ್ರೀ, ಬಾಜೂಕ ಸರೀರಿ” ಎಂದು ಕೂಗಿದ್ದು ಅಲ್ಲಿಗೆ ಕೇಳಿಸಿರಲಾರದು.

ಭಾವ ಸರಿಯಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದರು, ತೋಳು ಅಗಲಿಸಿದರು. ಸವಾರರತ್ತ ನೋಡಿ ಪುಸ್ತಕದ ಜರ್ಮನ್‌ನಲ್ಲಿ ಗುಡುಗಿದರು: “ಕುದುರೆಗಳನ್ನು ತಡೆಯಿರಿ, ಗೆಳೆಯರೇ. ಹಿಂಡಿಗೆ ಉಸಿರು ಬೇಕು.” ಅದನ್ನು ಕೇಳಿದ ಗೌಡ್ರು ಲಗಾಮು ಜಗ್ಗಿದರು. ಉಳಿದವರೂ ಜಗ್ಗಿದರು. ಹಿಂದಿನ ಗಲಾಟೆ ನಿಂತಿತು. ಗಂಟೆ ಕಟ್ಟಿದ ಮುಂದಾಳು ಹಸು ಮಾತ್ರ ಬರುತ್ತಲೇ ಇತ್ತು. ಭಾವ ಎರಡು ಹೆಜ್ಜೆ ಮುಂದೆ ಹಾಕಿದರು. ಹಸುವಿನ ಓಟ ತಗ್ಗಿತು. ಕೂಡಲೇ ಇವರು ಒಂದು ಹೆಜ್ಜೆ ಹಿಂದೆ ಸರಿದರು. ಹಸು ಮತ್ತೆ ಮುನ್ನುಗ್ಗಿತು, ಇವರು ಮತ್ತೆ ಮುಂದಾದರು. ಮತ್ತೆ ಹಿಂದೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. “ಯಾಕವ್ವಾ, ಯಾಕಿಷ್ಟ್ ಗಡಿಬಿಡಿ? ಯಾರ್ ಏನಂದ್ರು ನಿನಗ?” ಎಂದು ಮೆಲ್ಲಗೆ ಮಾತಾಡುತ್ತಲೇ ಇದ್ದರಂತೆ.

“ಅಮ್ಮಾ, ಅಪ್ಪ ಹಸು ಜೊತೆ ಡಾನ್ಸ್ ಮಾಡ್ತಿದಾನೆ” ಎಂದಳು ಮಗಳು. ಈ ಸಲ ಕನ್ನಡದಲ್ಲಿ, ಗಾಬರಿಗೆ.

ಕೊನೆಗೆ ಆ ಹಸು ನಿಂತಿತು. ಬುಸುಗುಟ್ಟುತ್ತ, ಬದಿಗಣ್ಣಿನಿಂದ ಭಾವನನ್ನು ನೋಡಿ, ತಿರುಗಿತು. ಉಳಿದ ಹನ್ನೊಂದೂ ಅದರ ಹಿಂದೆ ತಿರುಗಿದವು. ಓಣಿಯುದ್ದಕ್ಕೂ ಅವುಗಳ ಬೆನ್ನ ಹಿಂದೆ, ಸ್ವಲ್ಪ ದೂರ ಬಿಟ್ಟು, ಟೋಪಿ ಕೈಯಲ್ಲಿ ಹಿಡಿದು ಬಾಗಲಕೋಟೆಯ ನನ್ನ ಷಡ್ಡಕ ನಡೆದುಬಂದರು. ಜನ ಚಪ್ಪಾಳೆ ತಟ್ಟಲು ಹೊರಟಾಗ ಗೌಡ್ರು ಬೆರಳು ತುಟಿಗಿಟ್ಟು ತಡೆದರು. ಕೊಟ್ಟಿಗೆಯ ಬಾಗಿಲು ಮುಚ್ಚಿದ ಮೇಲೆ ಬಿತ್ತು ನೋಡಿ ಚಪ್ಪಾಳೆ, ಬೆಟ್ಟದ ಮೇಲಿನ ಹಕ್ಕಿಗಳೆಲ್ಲ ಹಾರಿಹೋದವು!

ನಾನು ಓಡಿಹೋಗಿ, “ಭಾವ, ದನದ ಕೆಲಸ ಊರಲ್ಲೇ ಕಲಿತಿದ್ರಾ?” ಎಂದೆ.

“ಊರಾಗ ನಮ್ಮ ಮನ್ಯಾಗ ಒಂದ್ ಆಡು ಸುದ್ದಾ ಇರಲಿಲ್ಲ. ಅಪ್ಪ ಪೋಸ್ಟ್ ಆಫೀಸಿನ್ಯಾಗಿದ್ದ.”

“ಹಾಗಾದ್ರೆ ಇದು ಮುತ್ಯಾನ ವಿದ್ಯೆಯಾ?”

“ಮುತ್ಯಾಂದು ಅರ್ಧಾ. ಉಳಿದಿದ್ದು ನಮ್ಮ ಆಫೀಸಿಂದು. ಬ್ರೇಕ್ ಒಂದs ಸಮ ಒತ್ತಿ ಹಿಡದ್ರ ಗಾಲಿ ಲಾಕ್ ಆಗತೈತಿ, ಗಾಡಿ ಜಾರತೈತಿ. ಒತ್ತಬೇಕು, ಬಿಡಬೇಕು, ಮತ್ತ ಒತ್ತಬೇಕು. ದಿನಾ ಅದನ್ನs ಪ್ರೋಗ್ರಾಮ್ ಮಾಡ್ತೀನಲ್ಲಪಾ. ಹಸೂಗೂ ಕಂಟ್ರೋಲ್ ಬ್ಯಾರೆ ಅಲ್ಲ.”

ಹೀಗೆ ದೊಡ್ಡದಾಗಿ ಹೇಳಿದರೇ ಹೊರತು, ಅಕ್ಕ ಕೊಟ್ಟ ರೊಟ್ಟಿಯನ್ನು ಮುರಿಯಲು ಅವರಿಗಾಗಲಿಲ್ಲ. ಅಕ್ಕ ತಾವೇ ಮುರಿದು ಕೈಗಿಟ್ಟರು.

ಅಂದೇ ಸಂಜೆ ಸಂಘದ ಸಭೆ ಸೇರಿತು. ಶೆರಿಫ್ ಮನಸ್ಸಿಲ್ಲದ ಮನಸ್ಸಿನಿಂದ ಒಂದು ಆಕ್ಷೇಪ ಎತ್ತಿದ. ನಿಯಮದ ಪ್ರಕಾರ ಹಿಂಡನ್ನು ಕುದುರೆಯ ಮೇಲಿಂದ ನಡೆಸಬೇಕು, ಅಭ್ಯರ್ಥಿ ನೆಲದ ಮೇಲಿದ್ದರು. ಬಿಸಿ ಬಿಸಿ ಚರ್ಚೆಯಾಯಿತು. ಕೊನೆಗೆ ಗೌಡ್ರು ಕನ್ನಡಕ ಹಾಕಿಕೊಂಡು ನಿಯಮಕ್ಕೆ ತಿದ್ದುಪಡಿ ಮಂಡಿಸಿದರು: ‘ಕೌಬಾಯ್ ಆದವನು ಕುದುರೆ ಹತ್ತಬಲ್ಲವನಾಗಿರಬೇಕು, ಸಂದರ್ಭ ಬಂದಾಗ ಇಳಿಯಬಲ್ಲವನೂ ಆಗಿರಬೇಕು.’ ಇಳಿಯುವುದರಲ್ಲಿ ಭಾವನಷ್ಟು ಅನುಭವ ಇನ್ನಾರಿಗಿತ್ತು? ಎಲ್ಲರೂ ಕೈಯೆತ್ತಿದರು.

ಅದರ ಮರುವರ್ಷ ಗಾಳಿ ತಿರುಗಿತು. ಕಂಪ್ಯೂಟರ್ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕತೊಡಗಿದವು. ನವೆಂಬರಿನ ಒಂದು ಶುಕ್ರವಾರ ನಮ್ಮ ಸಣ್ಣ ಕಂಪನಿಯ ಯಜಮಾನ ನಮ್ಮನ್ನೆಲ್ಲ ಕೂರಿಸಿ, ಕಣ್ಣು ಮೇಲೆತ್ತದೆ, ಇನ್ನು ನಡೆಸಲಾಗದು ಎಂದ. ಗ್ರೀನ್ ಕಾರ್ಡ್ ಎಂದರೆ ಕೆಲಸವಿರುವವರೆಗೆ ಮರ್ಯಾದೆ. ಕೆಲಸ ಹೋದರೆ ವೀಸಾ ಏನಾಗುವುದೆಂದು ವಿದೇಶಿಯರ ಕಚೇರಿಯೇ ಹೇಳಬೇಕು. ನನ್ನ ಹೆಂಡತಿಗೆ ಆಗ ಆರನೇ ತಿಂಗಳು. ಶನಿವಾರವಿಡೀ ನಾವಿಬ್ಬರೂ ಆ ಸುದ್ದಿ ಬಿಟ್ಟು ಬೇರೆಲ್ಲ ಮಾತಾಡಿದೆವು. ಭಾನುವಾರ ಮಧ್ಯಾಹ್ನ ಅವಳು ತಡೆಯಲಾರದೆ ಅಕ್ಕನಿಗೆ ಫೋನ್ ಮಾಡಿದಳು.

ಸಂಜೆ ನಮ್ಮ ಮನೆಯ ಕರೆಗಂಟೆ ಸದ್ದು ಮಾಡಿತು. ಬಾಗಿಲು ತೆರೆದರೆ ಟೋಪಿ, ಕೆಂಪು ಕರ್ಚೀಫು, ಚರ್ಮದ ಅಂಗಿ, ಮಣ್ಣು ಮೆತ್ತಿದ ಬೂಟು. ಸಂಘದಲ್ಲಿದ್ದ ಭಾವನಿಗೆ ಅಕ್ಕ ಸುದ್ದಿ ಮುಟ್ಟಿಸಿದ್ದೇ ತಡ, ಮನೆಗೂ ಹೋಗದೆ ಹೈಲ್‌ಬ್ರಾನ್‌ಗೆ ಬಂದು ಸಿಕ್ಕ ರೈಲು ಹತ್ತಿದ್ದರು. ಸ್ಟುಟ್‌ಗಾರ್ಟ್, ಉಲ್ಮ್, ಮ್ಯೂನಿಕ್, ಎಲ್ಲ ಕಡೆಯೂ ಅದೇ ವೇಷದಲ್ಲಿ ಇಳಿದು ಹತ್ತಿ ಬಂದಿದ್ದರು. ಒಂದು ಚೀಲವೂ ಕೈಯಲ್ಲಿರಲಿಲ್ಲ.

ಬೂಟು ಬಿಚ್ಚಿಟ್ಟು, ಅಡುಗೆಮನೆಗೆ ಹೋಗಿ, ನನ್ನ ಹೆಂಡತಿಯನ್ನು ಕುರ್ಚಿಯಲ್ಲಿ ಕೂರಿಸಿ, ಉಪ್ಪಿಟ್ಟು ಮಾಡಿದರು. ಗಂಟುಗಂಟಾಗಿತ್ತು. ಮೂವರೂ ತಿಂದೆವು. ಆ ಸಂಜೆ ಮುತ್ಯಾನ ಒಂದು ಮಾತೂ ಅವರ ಬಾಯಿಂದ ಬರಲಿಲ್ಲ.

ಮರುದಿನ ಬೆಳಿಗ್ಗೆ ನಾನು ವಿದೇಶಿಯರ ಕಚೇರಿಗೆ ಹೊರಟಾಗ ಅವರೂ ಹೊರಟರು. ನನ್ನ ಬಟ್ಟೆ ಅವರ ಮೈಗೆ ಹಿಡಿಸುವಂತಿರಲಿಲ್ಲ.

“ಭಾವ, ನೀವು ಮನೇಲೇ ಇರಿ. ನಾನೇ ಹೋಗಿ ಬರ್ತೀನಿ.”

“ನಾ ಏನ್ ಮಾತಾಡೂದಿಲ್ಲ, ತಮ್ಮಾ. ಬಾಜೂಕ ಕೂಡ್ತೀನಿ, ಅಷ್ಟs.”

ಕಚೇರಿಯ ಉದ್ದನೆಯ ಕಾರಿಡಾರಿನಲ್ಲಿ ಲೋಕದ ಎಲ್ಲ ದೇಶಗಳ ಜನ ಚೀಟಿ ಹಿಡಿದು ಕುಳಿತಿದ್ದರು. ಎಲ್ಲರ ಮುಖದಲ್ಲೂ ಒಂದೇ ಅಂಜಿಕೆ. ಅವರ ನಡುವೆ ನಾನು, ನನ್ನ ಪಕ್ಕ ಮಂಡಿಯ ಮೇಲೆ ಟೋಪಿ ಇಟ್ಟುಕೊಂಡ ಕೌಬಾಯ್. ಹೇಳಿದ ಹಾಗೆಯೇ ಒಂದು ಮಾತಾಡಲಿಲ್ಲ. ನನ್ನ ಸಂಖ್ಯೆ ಬಂದಾಗ ನನ್ನ ಜೊತೆಗೇ ಎದ್ದರು. ಒಳಗಿದ್ದ ಅಧಿಕಾರಿ ಹೆಂಗಸು ನನ್ನ ಕಾಗದಗಳನ್ನು ನೋಡಿದಳು, ಭಾವನ ಬೂಟು ನೋಡಿದಳು, ಕರ್ಚೀಫು ನೋಡಿದಳು.

“ಈ ಮಹನೀಯರು ನಿಮ್ಮವರೇ?”

“ಹೌದು, ನಮ್ಮವರು” ಎಂದೆ.

ಆಕೆ ಇನ್ನೊಂದು ಕುರ್ಚಿ ಎಳೆದುಕೊಳ್ಳುವಂತೆ ಅವರಿಗೆ ಕೈಸನ್ನೆ ಮಾಡಿದಳು. ಬೇರೆ ಕೆಲಸ ಹುಡುಕಿಕೊಳ್ಳಲು ನನಗೆ ಕೆಲವು ತಿಂಗಳ ಅವಕಾಶ ಸಿಕ್ಕಿತು. ಅದು ಮುಗಿಯುವ ಮೊದಲೇ ಸ್ಟುಟ್‌ಗಾರ್ಟ್ ಕಡೆ ಕೆಲಸವೂ ಸಿಕ್ಕಿತು, ಅಲ್ಲಿಯೇ ನನ್ನ ಮಗ ಹುಟ್ಟಿದ. ಆದರೆ ಅದೆಲ್ಲ ಅವತ್ತು ಬೆಳಿಗ್ಗೆ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ, ನನ್ನ ಮೊಣಕೈಗೆ ತಾಗಿಕೊಂಡು ಒಂದು ಚರ್ಮದ ಅಂಗಿ ಇದೆ ಎಂದು.

ಹಿಂತಿರುಗುವಾಗ ಸುರಂಗದ ರೈಲಿನಲ್ಲಿ ಭಾವ ಕುಳಿತಲ್ಲೇ ನಿದ್ದೆಹೋದರು. ರಾತ್ರಿ ಮಲಗಿದ್ದ ನಮ್ಮ ಸೋಫಾ ಅವರಿಗೆ ಗಿಡ್ಡವಾಗಿತ್ತು. ತಲೆ ಕಿಟಕಿಗೆ ಒರಗಿ, ಬಾಯಿ ತುಸು ತೆರೆದಿತ್ತು. ಎದುರಿಗೆ ತಾಯಿಯ ತೊಡೆಯ ಮೇಲೆ ನಾಲ್ಕು ವರ್ಷದ ಒಂದು ಹೆಣ್ಣುಮಗು. ಕಣ್ಣರಳಿಸಿ ಇವರನ್ನೇ ನೋಡುತ್ತಿದ್ದು, ಕೊನೆಗೆ ತಾಯಿಯ ಕಿವಿಯಲ್ಲಿ ಕೇಳಿತು:

“ಅಮ್ಮಾ, ಇವರು ನಿಜವಾದ ಕೌಬಾಯಾ?”

ತಾಯಿ ಮುಜುಗರದಿಂದ ನನ್ನತ್ತ ನೋಡಿ, “ಅಲ್ಲ ಚಿನ್ನ, ಸುಮ್ಮನೆ ವೇಷ ಹಾಕಿದ್ದಾರೆ” ಎಂದಳು.

ಜರ್ಮನ್ ಭಾಷೆಯಲ್ಲಿ ಒಂದು ಪುಟ್ಟ ಪದವಿದೆ. ಯಾರಾದರೂ ಅಲ್ಲ ಎಂದಾಗ, ನೀವು ತಪ್ಪು ತಿಳಿದಿದ್ದೀರಿ, ಖಂಡಿತ ಹೌದು ಎನ್ನಲು ಆ ಒಂದು ಪದ ಸಾಕು. ವರ್ಷಗಳಿಂದ ಆ ದೇಶದಲ್ಲಿದ್ದರೂ ಅದನ್ನು ಎಲ್ಲಿ ಬಳಸಬೇಕೆಂದು ನನಗೆ ಸರಿಯಾಗಿ ತಿಳಿಯುತ್ತಿರಲಿಲ್ಲ. ನಾನು ಮುಂದೆ ಬಾಗಿ, ಭಾವನಿಗೆ ಎಚ್ಚರವಾಗದಂತೆ ಮೆಲ್ಲಗೆ, ಆ ಮಗುವಿಗೆ ಹೇಳಿದೆ:

“ಡೊಖ್.”